ಓದು: ಅಪ್ಪಣೆಯೋ, ಆನಂದವೋ?



ಕನ್ನಡದಲ್ಲಿ ‘ಓದು’ ಎಂಬ ಒಂದೇ ಮಾತಿಗೆ ಎರಡು ಅರ್ಥಗಳಿವೆ. ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಾಗ ಯಾರಾದರೂ “ನಿಮ್ಮ ಮಗಳು ಏನು ಓದುತ್ತಿದ್ದಾಳೆ?” ಎಂದು ಕೇಳಿದರೆ ನಾವು ಕಾದಂಬರಿಯ ಹೆಸರು ಹೇಳುವುದಿಲ್ಲ. “ಹತ್ತನೇ ಗ್ರೇಡು” ಎನ್ನುತ್ತೇವೆ, ಇಲ್ಲವೇ “ಯು.ಸಿ.ಯಲ್ಲಿ ಬಯಾಲಜಿ” ಎನ್ನುತ್ತೇವೆ. ‘ಓದಿದವರು’ ಎಂದರೆ ಡಿಗ್ರಿ ಪಡೆದವರು. ‘ಓದು ಮುಗಿಯಿತು’ ಎಂದರೆ ಇನ್ನು ಕೆಲಸ ಹುಡುಕಬೇಕು ಎಂದರ್ಥ. ಇದೇ ಮಾತು ಅಪ್ಪಣೆಯೂ ಹೌದು: “ಆ ಫೋನ್ ಕೆಳಗಿಡು, ಓದು!” ಹೀಗಿರುವಾಗ ನಮ್ಮ ಹೈಸ್ಕೂಲು ಮಕ್ಕಳಿಗೆ “ಸಂತೋಷಕ್ಕಾಗಿ ಓದು” ಎಂದು ಹೇಳಿದರೆ ಅವರ ಕಿವಿಗೆ ಬೀಳುವುದು ಯಾವುದು? ಸಂತೋಷವೋ, ಅಪ್ಪಣೆಯೋ? ಈ ಸಂಚಿಕೆಯಲ್ಲಿ ನಾವೆಲ್ಲ ಸೇರಿ ಯೋಚಿಸಬೇಕಾದ ಪ್ರಶ್ನೆ ಇದು ಎಂದು ನಮಗೆ ಅನ್ನಿಸಿದೆ.

ಸೆರಿಟೋಸ್‌ನಿಂದ ಮೀರಾ ಮೇಸಾದವರೆಗೆ, ನಾರ್ತ್‌ರಿಜ್‌ನಿಂದ ರ್‍ಯಾಂಚೋ ಬರ್ನಾರ್ಡೋವರೆಗೆ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ. ನಾಲ್ಕನೇ ಗ್ರೇಡಿನಲ್ಲಿ ಲೈಬ್ರರಿಯಿಂದ ಚೀಲ ತುಂಬ ಪುಸ್ತಕ ತರುತ್ತಿದ್ದ ಮಗು ಒಂಬತ್ತನೇ ಗ್ರೇಡಿಗೆ ಬರುವಷ್ಟರಲ್ಲಿ ಪಠ್ಯ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಇದು ನಮ್ಮ ಮನೆಗಳಿಗೆ ಮಾತ್ರ ಅಂಟಿದ ಜಾಡ್ಯವಲ್ಲ. ಅಮೆರಿಕದ ಶಾಲಾ ಮಕ್ಕಳ ಕಲಿಕೆಯನ್ನು ಅಳೆಯಲು ಸರ್ಕಾರವೇ ದಶಕಗಳಿಂದ ನಡೆಸುತ್ತಿರುವ ರಾಷ್ಟ್ರೀಯ ಪರೀಕ್ಷೆಯಲ್ಲಿ 13 ವರ್ಷದ ಮಕ್ಕಳಿಗೆ ಒಂದು ಪ್ರಶ್ನೆ ಕೇಳುತ್ತಾರೆ: ನಿಮ್ಮ ಖುಷಿಗಾಗಿ ಎಷ್ಟು ಸಲ ಓದುತ್ತೀರಿ? ‘ಹೆಚ್ಚುಕಡಿಮೆ ದಿನವೂ’ ಎಂದವರು 1984ರಲ್ಲಿ ಶೇಕಡಾ 35 ಇದ್ದರು. 2012ರಲ್ಲಿ ಅದು ಶೇಕಡಾ 27ಕ್ಕೆ ಇಳಿಯಿತು. 2023ರಲ್ಲಿ ಉಳಿದದ್ದು ಶೇಕಡಾ 14. ಅದೇ ವರ್ಷ ಶೇಕಡಾ 31ರಷ್ಟು ಮಕ್ಕಳು ‘ಎಂದೂ ಇಲ್ಲ, ಇಲ್ಲವೇ ತೀರ ಅಪರೂಪ’ ಎಂದಿದ್ದಾರೆ.

ಈ ಅಂಕಿಗಳನ್ನು ಕಂಡ ಕೂಡಲೇ ತಂದೆತಾಯಿಗಳಾದ ನಮಗೆ ಏನಾದರೂ ಮಾಡಬೇಕೆನ್ನಿಸುವುದು ಸಹಜ. ಆದರೆ ಮಾಡುವ ಮೊದಲು ಒಂದು ಮಾತನ್ನು ನಮ್ಮನ್ನೇ ಕೇಳಿಕೊಳ್ಳುವುದು ಒಳ್ಳೆಯದು. ಮಕ್ಕಳು ಖುಷಿಗಾಗಿ ಓದಲಿ ಎಂದು ನಾವು ಬಯಸುವುದು ಯಾರ ಖುಷಿಗಾಗಿ?

ನಮ್ಮ ಊರಿನದೇ ಆದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ಕ್ರಾಶೆನ್ ಎಂಬ ಪ್ರಾಧ್ಯಾಪಕರು ಭಾಷೆಯ ಕಲಿಕೆಯ ಬಗ್ಗೆ ಬಹುಕಾಲ ಕೆಲಸ ಮಾಡಿದರು. 1993ರಲ್ಲಿ ಅವರು ಬರೆದ ‘ದಿ ಪವರ್ ಆಫ್ ರೀಡಿಂಗ್’ ಎಂಬ ಪುಸ್ತಕದ ವಾದ ಸರಳ. ತಾವೇ ಆರಿಸಿಕೊಂಡ ಪುಸ್ತಕವನ್ನು, ಪರೀಕ್ಷೆಯ ಭಯವಿಲ್ಲದೆ, ವರದಿ ಬರೆಯುವ ಹಂಗಿಲ್ಲದೆ ಓದುವ ಮಕ್ಕಳಲ್ಲಿ ಶಬ್ದಸಂಪತ್ತು, ಕಾಗುಣಿತ, ಬರವಣಿಗೆ ಎಲ್ಲವೂ ತಾವಾಗಿಯೇ ಬೆಳೆಯುತ್ತವೆ ಎಂದು ಅವರು ಹೇಳಿದರು. ಎಲ್ಲ ತಜ್ಞರೂ ಇದನ್ನು ಒಪ್ಪಲಿಲ್ಲ. 2000ದಲ್ಲಿ ಬಂದ ರಾಷ್ಟ್ರೀಯ ಸಮಿತಿಯೊಂದರ ವರದಿ, ತರಗತಿಯಲ್ಲಿ ಮೌನ ಓದಿಗೆಂದು ಬಿಡುವ ಸಮಯದಿಂದ ಲಾಭವಾಗುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದಿತು. ಆ ವಾದವಿವಾದ ತಜ್ಞರಿಗೇ ಇರಲಿ. ನಮಗೆ ಮುಖ್ಯವಾದದ್ದು ಬೇರೆ. ಓದಿದರೆ ಲಾಭವಿದೆ ಎಂಬ ಸುದ್ದಿ ಕಿವಿಗೆ ಬಿದ್ದ ಕ್ಷಣದಿಂದಲೇ ಖುಷಿಯ ಓದು ಎಸ್‌ಎಟಿಗೆ ಏಣಿಯಾಗಿಬಿಡುತ್ತದೆ. “ಖುಷಿಯಾಗಿ ಓದು, ಅಂಕ ಬರುತ್ತದೆ” ಎನ್ನುವಾಗ ಮಗು ಕೇಳಿಸಿಕೊಳ್ಳುವುದು ವಾಕ್ಯದ ಕೊನೆಯ ಭಾಗವನ್ನು. ಹದಿನೈದು ವರ್ಷದ ಮಕ್ಕಳಿಗೆ ದೊಡ್ಡವರ ಮನಸ್ಸನ್ನು ಓದುವುದು ಪುಸ್ತಕ ಓದುವುದಕ್ಕಿಂತ ಸುಲಭ.

ಬಹುಮಾನದ ವಿಷಯವನ್ನೂ ಇಲ್ಲಿ ನೋಡಬೇಕು. ಇಷ್ಟು ಪುಸ್ತಕಕ್ಕೆ ಇಷ್ಟು ಡಾಲರ್, ಇಷ್ಟು ಪುಟಕ್ಕೆ ಇಷ್ಟು ನಿಮಿಷ ವಿಡಿಯೋ ಗೇಮ್ ಎಂಬ ಒಪ್ಪಂದ ಅನೇಕ ಮನೆಗಳಲ್ಲಿ ಇದೆ. 1973ರಲ್ಲಿ ನಮ್ಮ ರಾಜ್ಯದ ಸ್ಟ್ಯಾನ್‌ಫರ್ಡ್‌ನ ಶಿಶುಶಾಲೆಯೊಂದರಲ್ಲಿ ನಡೆದ ಪ್ರಯೋಗದ ವರದಿ ಪ್ರಕಟವಾಯಿತು. ಬಣ್ಣದ ಮಾರ್ಕರುಗಳಿಂದ ಚಿತ್ರ ಬಿಡಿಸುವುದರಲ್ಲಿ ಮೊದಲೇ ಆಸಕ್ತಿ ಇದ್ದ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ “ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ” ಎಂದು ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳದೆ, ಬಿಡಿಸಿದ ಮೇಲೆ ಕೊಟ್ಟರು. ಇನ್ನು ಕೆಲವರಿಗೆ ಕೊಡಲೇ ಇಲ್ಲ. ಒಂದೆರಡು ವಾರ ಕಳೆದ ಮೇಲೆ ಮಾರ್ಕರುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ನೋಡಿದರೆ, ಬಹುಮಾನದ ಆಸೆಯಿಂದ ಬಿಡಿಸಿದ್ದ ಮಕ್ಕಳು ಉಳಿದವರಿಗಿಂತ ಅರ್ಧದಷ್ಟು ಹೊತ್ತು ಮಾತ್ರ ಅದರಲ್ಲಿ ತೊಡಗಿದರು. ತಾನಾಗಿ ಇದ್ದ ಪ್ರೀತಿ ಬೆಲೆ ಕಟ್ಟಿದೊಡನೆ ಕಡಿಮೆಯಾಯಿತು.

ಹಾಗಾದರೆ ಬಹುಮಾನವೆಂಬುದೇ ತಪ್ಪೇ? ನಮ್ಮ ಸಂಪ್ರದಾಯ ಇದಕ್ಕೆ ಒಂದು ವಿವೇಕದ ಉತ್ತರ ಇಟ್ಟುಕೊಂಡಿದೆ. ಯಾವ ಸ್ತೋತ್ರ ತೆಗೆದರೂ ಕೊನೆಯಲ್ಲಿ ಫಲಶ್ರುತಿ ಇರುತ್ತದೆ. ಇದನ್ನು ಓದಿದವರಿಗೆ ಆರೋಗ್ಯ, ಐಶ್ವರ್ಯ, ಸಂತಾನ ಎಂದೆಲ್ಲ ಹೇಳುತ್ತದೆ. ಅದೂ ಆಮಿಷವೇ ಅಲ್ಲವೇ? ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಕೃಷ್ಣನು ಉದ್ಧವನಿಗೆ ಉಪದೇಶ ಮಾಡುವಾಗ ಈ ಮಾತು ಬರುತ್ತದೆ. ಕರ್ಮಗಳಿಗೆ ಹೇಳಿದ ಫಲಶ್ರುತಿಯೇ ಪರಮ ಶ್ರೇಯಸ್ಸಲ್ಲ, ಔಷಧಿ ಕುಡಿಸಲು ರುಚಿ ತೋರಿಸುವಂತೆ ಅದು ರುಚಿ ಹುಟ್ಟಿಸಲಿಕ್ಕಾಗಿ ಹೇಳಿದ್ದು ಎಂಬುದು ಅದರ ಭಾವ. ಅಂದರೆ ರುಚಿಯನ್ನೇ ಕಾಣದವನಿಗೆ ಬೆಲ್ಲ ತೋರಿಸಬಹುದು. ಎರಡನೇ ಗ್ರೇಡಿನ ಮಗುವಿಗೆ ಬೇಸಿಗೆಯ ಓದಿನ ಕೂಟದಲ್ಲಿ ಲೈಬ್ರರಿಯವರು ಕೊಡುವ ಚಿಕ್ಕ ಬಹುಮಾನ ಅಂಥದ್ದು. ಆದರೆ ಒಮ್ಮೆ ರುಚಿ ಕಂಡು, ಮತ್ತೆ ದೂರವಾಗಿರುವ ಹದಿಹರೆಯದವರಿಗೆ ಬೆಲ್ಲ ತೋರಿಸಿದರೆ ಅದು ಅವರಿಗೆ ಅವಮಾನವೆನ್ನಿಸುತ್ತದೆ. ಇವರು ನನ್ನನ್ನು ಇನ್ನೂ ಮಗುವೆಂದೇ ತಿಳಿದಿದ್ದಾರೆ ಎಂದುಕೊಳ್ಳುತ್ತಾರೆ.

ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಕಾವ್ಯದ ಪ್ರಯೋಜನಗಳನ್ನು ಪಟ್ಟಿ ಮಾಡಿದ್ದಾನೆ. ಕೀರ್ತಿ, ಹಣ, ಲೋಕಜ್ಞಾನ ಎಲ್ಲವೂ ಅದರಲ್ಲಿವೆ. ನಮ್ಮ ಹಿರಿಯರು ಪ್ರಯೋಜನ ಬೇಡವೆಂದವರಲ್ಲ. ಆದರೆ ಓದಿದ ಆ ಕ್ಷಣವೇ ಒದಗುವ ಆನಂದವನ್ನು ಅವನು ಎಲ್ಲ ಪ್ರಯೋಜನಗಳಿಗೂ ಕಿರೀಟವೆಂದು ಎಣಿಸಿದ. ಜೊತೆಗೆ ಉಪದೇಶದಲ್ಲಿ ಮೂರು ಬಗೆ ಇರುವುದನ್ನು ಆ ಪರಂಪರೆ ಗುರುತಿಸಿತು. ವೇದ ರಾಜನಂತೆ ಅಪ್ಪಣೆ ಮಾಡುತ್ತದೆ, ಪುರಾಣ ಗೆಳೆಯನಂತೆ ಬುದ್ಧಿ ಹೇಳುತ್ತದೆ, ಕಾವ್ಯ ಒಲಿದವಳಂತೆ ಮನಸ್ಸನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತದೆ. ಖುಷಿಯ ಓದು ಈ ಮೂರನೆಯ ಬಗೆಗೆ ಸೇರಿದ್ದು. ಅದನ್ನು ಮೊದಲನೆಯ ಬಗೆಯಿಂದ ಹೇರಲು ಹೋದರೆ ಫಲಿಸುವುದಾದರೂ ಹೇಗೆ? ಗಣಿತದ ಲೆಕ್ಕ ಮಾಡೆಂದು ಅಪ್ಪಣೆ ಮಾಡಬಹುದು, ಮಾಡಬೇಕು ಕೂಡ. ಸಂತೋಷಪಡು ಎಂದು ಅಪ್ಪಣೆ ಮಾಡಲಾಗದು.

ಇಲ್ಲಿ ಒಂದು ಒರೆಗಲ್ಲನ್ನು ನಿಮ್ಮ ಮುಂದಿಡುತ್ತೇವೆ. ಖುಷಿಯ ಓದಿನಿಂದ ಒಂದೇ ಒಂದು ಅಂಕವೂ ಹೆಚ್ಚುವುದಿಲ್ಲ, ಯಾವ ಕಾಲೇಜೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ನಾಳೆ ಯಾರೋ ಖಚಿತವಾಗಿ ತೋರಿಸಿಕೊಟ್ಟರು ಎಂದಿಟ್ಟುಕೊಳ್ಳೋಣ. ಆಗಲೂ ನಮ್ಮ ಮಕ್ಕಳು ಓದಲಿ ಎಂದು ಬಯಸುತ್ತೇವೆಯೇ? ‘ಇಲ್ಲ’ ಎಂದಾದರೆ ನಮಗೆ ಬೇಕಾದದ್ದು ಟ್ಯೂಷನ್. ಅದನ್ನು ಟ್ಯೂಷನ್ ಎಂದೇ ಕರೆಯುವುದು ಪ್ರಾಮಾಣಿಕತೆ. ‘ಹೌದು’ ಎಂದಾದರೆ, ಏಕೆ ಎಂಬುದನ್ನು ಯೋಚಿಸಬೇಕು.

ನಮಗೆ ತೋರುವ ಉತ್ತರ ಹೀಗಿದೆ. ಇಲ್ಲಿನ ಹೈಸ್ಕೂಲು ಮಕ್ಕಳ ದಿನದಲ್ಲಿ ಯಾರೂ ಅಳೆಯದ ಗಂಟೆ ಎಂಬುದು ಹೆಚ್ಚುಕಡಿಮೆ ಇಲ್ಲವಾಗಿದೆ. ಎ.ಪಿ. ತರಗತಿಗೆ ಗ್ರೇಡು, ಈಜಿಗೆ ಸಮಯದ ಲೆಕ್ಕ, ಸಂಗೀತಕ್ಕೆ ಪರೀಕ್ಷೆ, ಭರತನಾಟ್ಯಕ್ಕೆ ರಂಗಪ್ರವೇಶ. ಸಮಾಜಸೇವೆಗೂ ಗಂಟೆ ಎಣಿಸಿ ಸಹಿ ಹಾಕಿಸಬೇಕು. ಗೆಳೆತನಕ್ಕೆ ಕೂಡ ಫೋನಿನಲ್ಲಿ ಎಷ್ಟು ಜನ ಮೆಚ್ಚಿದರು ಎಂಬ ಎಣಿಕೆ ಇದೆ. ಇವೆಲ್ಲದರ ನಡುವೆ ಬಾಗಿಲು ಹಾಕಿಕೊಂಡು ಕೂರಬಹುದಾದ ಒಂದು ಒಳಕೋಣೆ ಬೇಡವೇ? ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ರೀತಿ, ಎರಡರ ನಡುವೆ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅಪ್ಪ ಅಮ್ಮನನ್ನು ಕೇಳಲಾಗದ ಪ್ರಶ್ನೆಗಳಿರುತ್ತವೆ. ನಾಚಿಕೆ, ಒಂಟಿತನ, ದೇವರ ಬಗ್ಗೆ ಸಂಶಯ, ಸಾವಿನ ಭಯ. ಇಂಥದ್ದನ್ನು ತನ್ನಂತೆಯೇ ಇನ್ನೊಬ್ಬರು ಅನುಭವಿಸಿದ್ದಾರೆ ಎಂಬುದು ಪುಸ್ತಕದಲ್ಲಿ ಸದ್ದಿಲ್ಲದೆ ಸಿಗುತ್ತದೆ. ಆ ಕೋಣೆಗೂ ನಾವು ಗಡಿಯಾರ ಹಿಡಿದು ಹೋದರೆ ಮಗುವಿಗೆ ಉಳಿಯುವುದು ಏನು? ಇದು ಅಂಕದ ಪ್ರಶ್ನೆಯಲ್ಲ, ಇನ್ನೊಬ್ಬ ವ್ಯಕ್ತಿಯ ಮನಸ್ಸಿಗೆ ನಾವು ಕೊಡಬೇಕಾದ ಗೌರವದ ಪ್ರಶ್ನೆ. ಮಗ ಹದಿನಾರಕ್ಕೆ ಬಂದರೆ ಅವನನ್ನು ಗೆಳೆಯನಂತೆ ಕಾಣಬೇಕೆಂದು ಹಿರಿಯರು ಹೇಳುತ್ತಿದ್ದದ್ದೂ ಇದನ್ನೇ. ಮಗಳಿಗೂ ಆ ಮಾತು ಅಷ್ಟೇ ಸಲ್ಲುತ್ತದೆ.

“ಅದೆಲ್ಲ ಸರಿ, ಆದರೆ ಅವರು ಆರಿಸಿಕೊಳ್ಳುವ ಪುಸ್ತಕ ನೋಡಿದ್ದೀರಾ? ಬರೀ ಮಾಂಗಾ, ಮಾಟಮಂತ್ರದ ಕಥೆ, ರಕ್ತ ಹೀರುವ ಭೂತಗಳು!” ಎಂದು ಕೆಲವರು ಹೇಳಬಹುದು. ನಮ್ಮದೇ ಓದಿನ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡೋಣ. ಕನ್ನಡದಲ್ಲಿ ಕಾದಂಬರಿಗೆ ಓದುಗರನ್ನು ಹುಟ್ಟಿಸಿದವರು ಯಾರು? ಬಂಗಾಳಿಯ ಬಂಕಿಮಚಂದ್ರರ ಕಥೆಗಳನ್ನು ತಂದ ಬಿ. ವೆಂಕಟಾಚಾರ್ಯರು, ಮರಾಠಿಯಿಂದ ಐತಿಹಾಸಿಕ ಕಾದಂಬರಿಗಳನ್ನು ತಂದ ಗಳಗನಾಥರು. ಗಳಗನಾಥರಂತೂ ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಜನ ಅವನ್ನು ಕೊಂಡದ್ದು ಪರೀಕ್ಷೆಗಲ್ಲ, ‘ಮುಂದೇನಾಯಿತು’ ಎಂಬ ಕುತೂಹಲಕ್ಕೆ. ಮುಂದೆ ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ದಿನಬಾಡಿಗೆಗೆ ಅಂಥ ಪುಸ್ತಕ ತಂದು, ಪಠ್ಯಪುಸ್ತಕದ ಒಳಗಿಟ್ಟು ಓದಿದವರೇ ಮುಂದೆ ಕಾರಂತ, ಕುವೆಂಪು, ಭೈರಪ್ಪ, ತೇಜಸ್ವಿ ಎಂದು ಹುಡುಕಿಕೊಂಡು ಹೋದರು. ಈಗ ನಿಂತುಹೋಗಿರುವ ‘ಚಂದಮಾಮ’ವನ್ನು ತಿಂಗಳು ತಿಂಗಳು ಕಾದು ಓದಿದ ಪೀಳಿಗೆ ನಮ್ಮದು. ಅದರಲ್ಲಿ ಬೇತಾಳ ಇರಲಿಲ್ಲವೇ?

ಚಿತ್ರಕಥೆಗಳನ್ನು ಕೀಳೆಂದು ಕಾಣುವ ಮೊದಲು 1967ರಲ್ಲಿ ‘ಅಮರ ಚಿತ್ರ ಕಥೆ’ಯನ್ನು ಆರಂಭಿಸಿದ ಅನಂತ ಪೈ ಅವರನ್ನು ನೆನೆಯಬೇಕು. ಅವರು 1929ರಲ್ಲಿ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಭೀಷ್ಮ, ಸಾವಿತ್ರಿ, ಕರ್ಣ ಮೊದಲು ನಮಗೆ ಕಾಣಿಸಿದ್ದು ಎಷ್ಟೋ ಜನರಿಗೆ ಅವರ ಬಣ್ಣದ ಪುಟಗಳಲ್ಲೇ.

ಇನ್ನು ಈ ನೆಲದ ಉದಾಹರಣೆ ಬೇಕೆಂದರೆ ರೇ ಬ್ರಾಡ್ಬರಿ ಇದ್ದಾರೆ. 1934ರಲ್ಲಿ ಹದಿಹರೆಯದ ಹುಡುಗನಾಗಿ ಲಾಸ್ ಏಂಜಲೀಸಿಗೆ ಬಂದ ಅವರು 1938ರಲ್ಲಿ ಎಲ್.ಎ. ಹೈಸ್ಕೂಲು ಮುಗಿಸಿದರು. ಕಾಲೇಜಿಗೆ ಹೋಗಲು ಹಣವಿರಲಿಲ್ಲ. ಬೀದಿಯಲ್ಲಿ ಪತ್ರಿಕೆ ಮಾರುತ್ತ, ವಾರಕ್ಕೆ ಮೂರು ದಿನದಂತೆ ಹತ್ತು ವರ್ಷ ಲೈಬ್ರರಿಗೆ ಹೋಗಿ ಮನಸ್ಸು ಬಂದದ್ದನ್ನೆಲ್ಲ ಓದಿದರು. ಪುಸ್ತಕಗಳನ್ನು ಸುಡುವ ಲೋಕವನ್ನು ಚಿತ್ರಿಸುವ ಅವರ ‘ಫ್ಯಾರನ್‌ಹೀಟ್ 451’ (1953) ಹುಟ್ಟಿದ್ದೂ ಲೈಬ್ರರಿಯಲ್ಲೇ. ಯು.ಸಿ.ಎಲ್.ಎ.ಯ ಪೊವೆಲ್ ಲೈಬ್ರರಿಯ ನೆಲಮಾಳಿಗೆಯಲ್ಲಿ ಅರ್ಧ ಗಂಟೆಗೆ ಹತ್ತು ಸೆಂಟಿನ ಬಾಡಿಗೆ ಟೈಪ್‌ರೈಟರಿಗೆ ನಾಣ್ಯ ಹಾಕುತ್ತ ಒಟ್ಟು 9 ಡಾಲರ್ 80 ಸೆಂಟ್ ಖರ್ಚಿನಲ್ಲಿ ಅದರ ಮೊದಲ ರೂಪವನ್ನು ಬರೆದರು. ಕಾಮಿಕ್ಸ್ ಎಂದರೆ ಅವರಿಗೆ ಚಿಕ್ಕಂದಿನಿಂದ ಪ್ರಾಣ. ಇಂದು ಜಗತ್ತಿಗೇ ಗೊತ್ತಿರುವ ಸ್ಯಾನ್ ಡಿಯಾಗೋದ ಕಾಮಿಕ್-ಕಾನ್ 1970ರ ಆಗಸ್ಟಿನಲ್ಲಿ ಯು.ಎಸ್. ಗ್ರ್ಯಾಂಟ್ ಹೋಟೆಲಿನಲ್ಲಿ ಮೊದಲ ಸಲ ಮೂರು ದಿನ ನಡೆದಾಗ ಅಲ್ಲಿಗೆ ಅತಿಥಿಯಾಗಿ ಬಂದವರಲ್ಲಿ ಅವರೂ ಒಬ್ಬರು. ಆದರೆ ಎಚ್ಚರ! “ನೋಡು, ಓದಿದರೆ ಬ್ರಾಡ್ಬರಿ ಆಗುತ್ತೀಯೆ” ಎಂದು ಮಕ್ಕಳಿಗೆ ಹೇಳಿದರೆ ಅದೂ ಇನ್ನೊಂದು ಏಣಿಯಾಗುತ್ತದೆ. ಅವರು ಆ ಹತ್ತು ವರ್ಷ ಓದಿದ್ದು ಬ್ರಾಡ್ಬರಿ ಆಗಲಿಕ್ಕಲ್ಲ, ಓದದೆ ಇರಲಾರದೆ.

ಹಾಗಾದರೆ ಖುಷಿ ಕೊಡುವುದೆಲ್ಲ ಒಳ್ಳೆಯದೇ, ಫೋನಿನಲ್ಲಿ ಮುಗಿಯದ ವಿಡಿಯೋ ನೋಡುವುದೂ ಖುಷಿಯೇ ಅಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ನಮ್ಮ ಅಲಂಕಾರಿಕರು ರಸಾನುಭವಕ್ಕೆ ‘ಸಹೃದಯ’ ಬೇಕೆಂದರು. ಓದುವವನು ಸುಮ್ಮನೆ ಪಡೆಯುವುದಿಲ್ಲ. ಕಪ್ಪಕ್ಷರಗಳಿಂದ ಮುಖ, ಮನೆ, ಮಳೆ ಎಲ್ಲವನ್ನೂ ತಾನೇ ಕಟ್ಟಿಕೊಳ್ಳಬೇಕು. ಬೇಕೆಂದಾಗ ನಿಲ್ಲಿಸಿ ಯೋಚಿಸಬಹುದು, ಹಿಂದಿನ ಪುಟಕ್ಕೆ ಹೋಗಬಹುದು. ಕೆಲವು ಸುಖಗಳು ನಮ್ಮನ್ನು ಖಾಲಿ ಮಾಡಿ ಬಿಡುತ್ತವೆ, ಕೆಲವು ತುಂಬಿ ಕಳಿಸುತ್ತವೆ. ಈ ವ್ಯತ್ಯಾಸವನ್ನು ಮಕ್ಕಳಿಗೆ ಭಾಷಣದಿಂದ ತಿಳಿಸಲಾಗದು. ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಹೆಚ್ಚು ದಿನ ಬಾಳುವುದಿಲ್ಲ. ಎರಡನ್ನೂ ಸವಿದು ನೋಡಲು ಅವರಿಗೆ ಬಿಡುವು ಸಿಗಬೇಕು.

ಆದ್ದರಿಂದ ಅಪ್ಪಣೆ ಬಿಟ್ಟ ಮೇಲೂ ನಮಗೆ ಮಾಡಲು ಕೆಲಸ ಬೇಕಾದಷ್ಟಿದೆ. ಮೊದಲನೆಯದು, ಸಮಯ. ವಾರದ ಕಾರ್ಯಕ್ರಮಗಳಲ್ಲಿ ಒಂದನ್ನು ತೆಗೆದುಹಾಕಿ, ಆ ಜಾಗದಲ್ಲಿ ಏನನ್ನೂ ತುಂಬದಿರುವುದು. ಎರಡನೆಯದು, ಪುಸ್ತಕ ಕೈಗೆ ಸಿಗುವಂತೆ ಇರುವುದು. ಸ್ಯಾನ್ ಡಿಯಾಗೋ ನಗರದ ಲೈಬ್ರರಿ 2018ರಲ್ಲಿ, ಲಾಸ್ ಏಂಜಲೀಸ್ ನಗರದ ಲೈಬ್ರರಿ 2020ರಲ್ಲಿ ತಡವಾದ ಪುಸ್ತಕಗಳ ದಂಡವನ್ನೇ ತೆಗೆದುಹಾಕಿದವು. ಎಲ್.ಎ. ಡೌನ್‌ಟೌನಿನ ಸೆಂಟ್ರಲ್ ಲೈಬ್ರರಿಯಲ್ಲಿ ಹದಿಹರೆಯದವರಿಗೆಂದೇ ‘ಟೀನ್‌ಸ್ಕೇಪ್’ ಎಂಬ ವಿಭಾಗವಿದೆ. ಸ್ಯಾನ್ ಡಿಯಾಗೋದ ಹೊಸ ಸೆಂಟ್ರಲ್ ಲೈಬ್ರರಿ 2013ರಲ್ಲಿ ತೆರೆದಾಗ ಅದರ ಆರು ಮತ್ತು ಏಳನೆಯ ಮಹಡಿಗಳಲ್ಲಿ ಒಂದು ಹೈಸ್ಕೂಲನ್ನೇ ಇಟ್ಟರು. ನಮ್ಮ ನಾಡಿನಲ್ಲೂ ಇಂಥ ಕೆಲಸ ನಡೆದಿದೆ. 2020ರಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲು ಆರಂಭಿಸಿದಾಗ ಲಕ್ಷಾಂತರ ಹಳ್ಳಿಯ ಮಕ್ಕಳು ಹೆಸರು ಬರೆಸಿಕೊಂಡರು.

ಮೂರನೆಯದು, ನಾವು ಓದುವುದು. ಮಕ್ಕಳ ಮುಂದೆ ಆದರ್ಶಕ್ಕಾಗಿ ಪುಸ್ತಕ ಹಿಡಿದು ಕೂರುವುದಲ್ಲ, ನಿಜವಾಗಿ, ನಮಗಾಗಿ ಓದುವುದು. ಅಡಿಗೆಮನೆಯ ಮೇಜಿನ ಮೇಲೆ ಅರ್ಧ ಓದಿ ಬೋರಲಾಗಿ ಇಟ್ಟ ಒಂದು ಕನ್ನಡ ಕಾದಂಬರಿ ಇದ್ದರೆ ಸಾಕು, ಉಳಿದದ್ದನ್ನು ಅದೇ ಹೇಳುತ್ತದೆ. ಕನ್ನಡ ಅಕ್ಷರ ಬಾರದ ಮಕ್ಕಳಿಗೆ ನಮ್ಮ ಕಥೆಗಳು ಸಿಗುವುದಿಲ್ಲವೆಂಬ ಕೊರಗೂ ಈಗ ಅಷ್ಟಾಗಿ ಬೇಕಿಲ್ಲ. ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದ ಅನಂತಮೂರ್ತಿಯವರ ‘ಸಂಸ್ಕಾರ’, ಶ್ರೀನಾಥ್ ಪೇರೂರು ಅನುವಾದಿಸಿದ ವಿವೇಕ ಶಾನಭಾಗರ ‘ಘಾಚರ್ ಘೋಚರ್’, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ, ದೀಪಾ ಭಾಸ್ತಿ ಅನುವಾದಿಸಿದ ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ ಇವೆಲ್ಲ ಹೈಸ್ಕೂಲಿನ ಕೊನೆಯ ವರ್ಷಗಳ ಮಕ್ಕಳು ಓದಬಲ್ಲ ಪುಸ್ತಕಗಳು. ಚಿಕ್ಕವರಿಗೆ ಮೈಸೂರಿನ ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಿಂದಲೂ ಕಾದಿದೆ. ಇವನ್ನು ಕೈಗೆ ತುರುಕುವುದು ಬೇಡ, ಕಾಣುವಲ್ಲಿ ಇಟ್ಟರೆ ಸಾಕು.

ದೇವಸ್ಥಾನದ ಮಟ್ಟದಲ್ಲಿ ಒಂದು ಸಲಹೆ ಇದೆ. ಸಭಾಂಗಣದ ಹೊರಗೆ ಒಂದು ಮೇಜು, ಅದರ ಮೇಲೆ ಮನೆಗಳಿಂದ ತಂದ ಪುಸ್ತಕಗಳು. ಬೇಕಾದವರು ಒಯ್ಯಬಹುದು, ಬೇಡವಾದಾಗ ತಂದಿಡಬಹುದು. ಹೆಸರು ಬರೆಯುವ ಹಾಳೆ ಬೇಡ, ಸ್ಪರ್ಧೆ ಬೇಡ, ವೇದಿಕೆಯ ಮೇಲೆ ಪ್ರಮಾಣಪತ್ರ ಬೇಡ, ಸೇವೆಯ ಗಂಟೆಗಳ ಲೆಕ್ಕವೂ ಬೇಡ. ನಾವು ಯಾವ ಕಾರ್ಯಕ್ರಮವನ್ನೂ ಹೀಗೆ ಲೆಕ್ಕವಿಲ್ಲದೆ ನಡೆಸಿ ಅಭ್ಯಾಸವಿಲ್ಲದವರು, ಆದ್ದರಿಂದ ಇದು ಕೇಳುವಷ್ಟು ಸುಲಭವಲ್ಲ.

ಇಷ್ಟೆಲ್ಲ ಆದ ಮೇಲೂ ಮಗು ಓದದಿದ್ದರೆ? ಫ್ರಾನ್ಸಿನ ಲೇಖಕ ಹಾಗೂ ಶಾಲಾ ಮೇಷ್ಟ್ರು ಡೇನಿಯಲ್ ಪೆನ್ನಾಕ್ 1992ರಲ್ಲಿ ಓದುಗನ ಹತ್ತು ಹಕ್ಕುಗಳನ್ನು ಪಟ್ಟಿ ಮಾಡಿದಾಗ ಮೊದಲನೆಯದಾಗಿ ಇಟ್ಟದ್ದು ಓದದೆ ಇರುವ ಹಕ್ಕನ್ನು. ಪುಟ ಹಾರಿಸುವ ಹಕ್ಕು, ಅರ್ಧಕ್ಕೆ ಬಿಡುವ ಹಕ್ಕು ಆಮೇಲೆ ಬರುತ್ತವೆ. ಇದನ್ನು ಒಪ್ಪಲು ನಮಗೆ ಕಷ್ಟವಾಗುತ್ತದೆ, ಏಕೆಂದರೆ ವಿದ್ಯೆಯೊಂದನ್ನೇ ನಂಬಿ ಇಷ್ಟು ದೂರ ಬಂದವರು ನಾವು. ಆದರೆ ‘ಬೇಡ’ ಎನ್ನುವ ಸ್ವಾತಂತ್ರ್ಯ ಇಲ್ಲದ ಕಡೆ ‘ಬೇಕು’ ಎಂಬುದಕ್ಕೂ ಬೆಲೆ ಇರುವುದಿಲ್ಲ. ಒಬ್ಬ ಹುಡುಗನಿಗೆ ಆ ಒಳಕೋಣೆ ಮೃದಂಗದಲ್ಲಿ ಸಿಗಬಹುದು, ಒಬ್ಬ ಹುಡುಗಿಗೆ ಕಡಲತೀರದ ನಡಿಗೆಯಲ್ಲಿ ಸಿಗಬಹುದು. ಪುಸ್ತಕಕ್ಕೆ ಇಪ್ಪತ್ತೈದನೇ ವಯಸ್ಸಿನಲ್ಲಿ ಮರಳಿ ಬರುವವರೂ ಇದ್ದಾರೆ. ಓದು ಎಂದರೆ ಬೈಗುಳ ಎಂಬ ನೆನಪು ಇಲ್ಲದಿದ್ದರೆ ಬರುವ ದಾರಿ ತೆರೆದೇ ಇರುತ್ತದೆ.

ಕೊನೆಯದಾಗಿ ಒಂದು ವಿನಂತಿ. ಮಗ ಅಥವಾ ಮಗಳು ಪುಸ್ತಕ ಹಿಡಿದು ಕೂತಿರುವುದು ಈ ವಾರ ನಿಮ್ಮ ಕಣ್ಣಿಗೆ ಬಿದ್ದರೆ, ಅದು ಯಾವ ಪುಸ್ತಕವೇ ಆಗಿರಲಿ, “ಎಷ್ಟು ಪುಟ ಆಯಿತು? ಹೋಂವರ್ಕ್ ಮುಗಿಯಿತಾ?” ಎಂದು ಕೇಳಬೇಡಿ. ಕೇಳಲೇಬೇಕೆನ್ನಿಸಿದರೆ “ಕಥೆಯಲ್ಲಿ ಈಗ ಏನಾಗುತ್ತಿದೆ?” ಎಂದು ಕೇಳಿ. ಉತ್ತರ ಬಂದರೆ ಕೂತು ಕೇಳಿಸಿಕೊಳ್ಳಿ. ಬಾರದಿದ್ದರೆ ದೀಪ ಸರಿಯಾಗಿ ಬೀಳುತ್ತಿದೆಯೇ ನೋಡಿ, ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿಕೊಂಡು ಬನ್ನಿ.